ಕ್ಯಾಪ್ಟನ್ ವಗ್ದಿ ಇರುವವರೆಗೆ

ಸೆಪ್ಟೆಂಬರ್ 12, ಶುಕ್ರವಾರ

ಕೂಗಾಡಬೇಡಿ, ಸಿಟ್ಟು ಬಂದಾಗ ಕೂತು ಬರೆಯಿರಿ, ಬಿ.ಪಿ. ಇಳಿಯುತ್ತದೆ ಅಂತ ಡಾಕ್ಟರು ಹೇಳಿದ್ದಾರೆ. ಸರಿ, ಬರೆಯುತ್ತೇನೆ. ಇವತ್ತು ಬರೆಯುವುದಕ್ಕೆ ಬೇಕಾದಷ್ಟಿದೆ.

ನಮ್ಮೂರಿನ ಫುಟ್‌ಬಾಲ್ ತಂಡ ಶತ್ತ್ ಕ್ಲಬ್ಬಿಗೆ ಹೊಸ ಕೋಚ್ ಬಂದಿದ್ದಾನೆ. ಯಾರು? ವಗ್ದಿ! ಇಡೀ ಈಜಿಪ್ಟಿನಲ್ಲಿ ಇವರಿಗೆ ಬೇರೆ ಗಂಡಸು ಸಿಗಲಿಲ್ಲವೇ? ಹತ್ತೊಂಬತ್ತು ವರ್ಷದ ಹಿಂದೆ ಹೊಳೆಯಾಚೆಯ ತಂಡಕ್ಕೆ ಆಡುತ್ತಿದ್ದಾಗ ಕೊನೇ ಗಳಿಗೆಯಲ್ಲಿ ನಮಗೆ ಗೋಲು ಹೊಡೆದು, ನಮ್ಮನ್ನು ಎರಡನೇ ದರ್ಜೆಗೆ ತಳ್ಳಿದವನು. ಇವತ್ತಿನವರೆಗೂ ನಾವು ಮೇಲೆದ್ದಿಲ್ಲ. ತಳ್ಳಿದ್ದು ಸಾಲದೆಂದು ನಮ್ಮ ಗ್ಯಾಲರಿಯ ಮುಂದೆ ಓಡಿಬಂದು, ತುಟಿಯ ಮೇಲೆ ಬೆರಳಿಟ್ಟು ‘ಶ್!’ ಎಂದವನು. ನಾನು ನೇರ ಎದುರಿಗೇ ಇದ್ದೆ. ಆ ಬೆರಳು ತೋರಿಸಿದ್ದು ನನಗೇ.

ಮಧ್ಯಾಹ್ನದ ನಮಾಜು ಮುಗಿಸಿ ಚಹಾದಂಗಡಿಗೆ ಹೋದರೆ ಅಲ್ಲೆಲ್ಲ ಇದೇ ಸುದ್ದಿ. ಮೀನಿನಂಗಡಿ ಬಸ್ಯೂನಿ ಹುಕ್ಕಾ ಎಳೆಯುತ್ತಾ, “ಏನಪ್ಪಾ ಮೆತ್ವಲ್ಲಿ, ನಿನ್ನ ಜೀವದ ಗೆಳೆಯ ಬಂದನಂತೆ. ಮುಂದಿನ ವಾರ ಅವನಿಗೆ ನಿನ್ನ ಸಿಹಿಯಂಗಡಿಯಿಂದ ಅರ್ಧ ಕಿಲೋ ಮಶಬ್ಬಕ್ ಜಿಲೇಬಿ ತಗೊಂಡು ಹೋಗ್ತೀಯಾ?” ಅಂದ. ಜನ ನಕ್ಕರು. ನನ್ನ ತಲೆ ಕೆಟ್ಟಿತು. ಎದ್ದು ನಿಂತು ಮೇಜು ಗುದ್ದಿ ಹೇಳಿದೆ: “ಆ ಮನುಷ್ಯ ನಮ್ಮ ಕೋಚ್ ಆಗಿರೋವರೆಗೂ ನಾನು ಆ ಸ್ಟೇಡಿಯಮ್ಮಿನೊಳಗೆ ಕಾಲಿಟ್ರೆ ನನ್ನ ಹೆಂಡ್ತಿಗೆ ತಲಾಖ್!”

ನಮ್ಮಲ್ಲಿ ಇದೇನೂ ದೊಡ್ಡ ಮಾತಲ್ಲ. ಸೀಗಡಿಯ ಬೆಲೆ ಇಳಿಸುವುದಕ್ಕೂ ಇದೇ ಆಣೆ, ಊಟಕ್ಕೆ ಬಂದ ನೆಂಟನಿಗೆ ಇನ್ನೊಂದು ತುತ್ತು ತಿನ್ನಿಸುವುದಕ್ಕೂ ಇದೇ ಆಣೆ. ಬಸ್ಯೂನಿ ತನ್ನ ಅಂಗಡಿಯಲ್ಲಿ ದಿನಕ್ಕೆ ಹತ್ತು ಸಲ ಹೆಂಡತಿಯನ್ನು ಬಿಡುತ್ತಾನೆ. ಆಕೆ ಐದು ಮಕ್ಕಳ ಜೊತೆ ಗುಂಡುಕಲ್ಲಿನ ಹಾಗೆ ಇದ್ದಾಳೆ.

ಆದರೆ ಮಾತು ನನಗಿಂತ ಮೊದಲೇ ಮನೆ ಸೇರಿತ್ತು. ಇನ್ಶಿರಾಹ್ ಮುಲೂಖಿಯಾ ಸೊಪ್ಪು ಬಿಡಿಸುತ್ತ ಕೂತಿದ್ದಳು. ತಲೆ ಎತ್ತಲಿಲ್ಲ.

“ಏನಂದ್ರಿ ಅಲ್ಲಿ, ರಾವ್ಯಳ ಅಪ್ಪಾ?”

“ಏನೂ ಇಲ್ಲ ಕಣೆ, ಬಾಯಿಮಾತು.”

“ಮೂವತ್ತೊಂದು ವರ್ಷದ ಸಂಸಾರ ಬಾಯಿಮಾತಾ? ಚೆಂಡಿಗೆ ಕಟ್ಟಿ ಒದ್ರಲ್ಲ ನನ್ನನ್ನ! ಸರಿ ಬಿಡಿ. ಆಣೆ ಅಂದ್ಮೇಲೆ ಆಣೆ. ಊರವರ ಮುಂದೆ ಹೇಳಿದೀರಿ, ಇನ್ನು ನಡೆಸಿ.”

ಅಷ್ಟೇ. ಬೈದಿದ್ದರೆ ಚೆನ್ನಾಗಿತ್ತು. ಸೊಪ್ಪಿನ ಸಾರು ಎಂದಿನಂತೆ ರುಚಿಯಾಗಿತ್ತು, ಅದೂ ಒಂದು ಸಂಕಟ.

ಸೆಪ್ಟೆಂಬರ್ 13, ಶನಿವಾರ

ಮಸೀದಿಯ ಶೇಖ್ ಅಫೀಫಿಯವರ ಹತ್ತಿರ ಹೋದೆ. ಎಲ್ಲ ಕೇಳಿ ಅವರು ಕನ್ನಡಕ ತೆಗೆದು ಒರೆಸಿಕೊಂಡರು.

“ಹೆಂಡತೀನ ಬಿಡೋ ಮನಸ್ಸಿತ್ತೇನಯ್ಯಾ ನಿನಗೆ?”

“ಎಲ್ಲಿಯ ಮಾತು ಮೌಲಾನಾ! ಅವಳಿಲ್ಲದಿದ್ರೆ ನನ್ನ ಕಾಲುಚೀಲ ಎಲ್ಲಿದೆ ಅಂತಾನೂ ನನಗೆ ಗೊತ್ತಾಗಲ್ಲ.”

“ಹಾಗಾದ್ರೆ ಅದು ತಲಾಖ್ ಅಲ್ಲ, ಬರೀ ಆಣೆ. ಮುರೀಬೇಕಾದ್ರೆ ಹತ್ತು ಜನ ಬಡವರಿಗೆ ಊಟ ಹಾಕು, ತೀರಿತು.” ನಾನು ಕೈಗೆ ಮುತ್ತಿಡಲು ಬಗ್ಗಿದೆ. ಅವರು ಕೈ ಹಿಂದೆ ಎಳೆದುಕೊಂಡರು. “ತಡಿ. ಮೊದಲು ಆಕೆ ಹತ್ರ ತಪ್ಪಾಯ್ತು ಅನ್ನು. ಆಕೆ ಒಪ್ಪದೆ ಊಟ ಹಾಕ್ತೀನಿ ಅಂತ ನನ್ನ ಹತ್ರ ಬರಬೇಡ.”

ಮನೆಗೆ ಬಂದು ಅಡುಗೆಮನೆಯ ಬಾಗಿಲಲ್ಲಿ ನಿಂತು ಗಂಟಲು ಸರಿಮಾಡಿಕೊಂಡೆ. ಇನ್ಶಿರಾಹ್‌ಗೆ ಅಷ್ಟೇ ಸಾಕಾಯಿತು.

“ಬೇಡ. ಕಿವಿಯಲ್ಲಿ ಹೇಳೋ ತಪ್ಪಾಯ್ತು ನನಗೆ ಬೇಡ. ಎಲ್ಲಿ ಹೇಳಿದ್ರೋ ಅಲ್ಲೇ ಹೋಗಿ ವಾಪಸ್ ತಗೊಳ್ಳಿ.”

ಚಹಾದಂಗಡಿಯಲ್ಲಾ? ಬಸ್ಯೂನಿಯ ಮುಂದಾ? ಆಡಿಕೊಳ್ಳುವವರ ಮುಂದೆ ಎಡವಿ ಬಿದ್ದ ಹಾಗೆ! ಸಾಧ್ಯವೇ ಇಲ್ಲ.

ಮತ್ತೆ ಯೋಚನೆ ಮಾಡಿದೆ, ಅವಸರವೇನು? ಆ ಮನುಷ್ಯ ಮೂರು ಪಂದ್ಯ ಉಳಿದರೆ ಹೆಚ್ಚು. ನಮ್ಮ ಕ್ಲಬ್ಬಿನವರು ಅಂಗಿ ಬದಲಿಸಿದ ಹಾಗೆ ಕೋಚ್ ಬದಲಿಸುತ್ತಾರೆ. ಅವನನ್ನು ಓಡಿಸಿದ ದಿನ ನನ್ನ ಆಣೆಯೂ ತಾನಾಗಿ ಬಿದ್ದುಹೋಗುತ್ತದೆ. ತಲೆ ಎತ್ತಿಕೊಂಡು ಒಳಗೆ ಹೋಗುತ್ತೇನೆ. ಯಾರಿಗೂ ಏನೂ ಹೇಳಬೇಕಾಗಿಲ್ಲ.

ಸೆಪ್ಟೆಂಬರ್ 19, ಶುಕ್ರವಾರ

ಮೊದಲ ಪಂದ್ಯ. ನಾನು ಅಂಗಡಿಯ ಬಾಣಲೆ ತೊಳೆದಿಟ್ಟು ಮನೆಗೆ ಬಂದರೆ ಇನ್ಶಿರಾಹ್ ಹೊಸ ಚಪ್ಪಲಿ ಹಾಕಿಕೊಂಡು ಹೊರಟಿದ್ದಾಳೆ. ಕೈಯಲ್ಲಿ ಇಡೀ ವರ್ಷಕ್ಕೆ ದುಡ್ಡು ಕಟ್ಟಿದ ನನ್ನ ಪಾಸು!

“ಎಲ್ಲಿಗೆ?”

“ಸ್ಟೇಡಿಯಮ್ಮಿಗೆ. ದುಡ್ಡು ಕೊಟ್ಟ ಜಾಗ ಖಾಲಿ ಬಿಡ್ತಾರಾ? ಅಷ್ಟಕ್ಕೂ ನನಗಿಂತ ದೊಡ್ಡದೇನಿದೆ ಅಲ್ಲಿ ಅಂತ ಒಂದ್ಸಲ ನೋಡ್ಬೇಕು.”

ನಾನು ಸ್ಟೇಡಿಯಮ್ಮಿನ ಎದುರಿನ ಕಬ್ಬಿನ ಹಾಲಿನ ಅಂಗಡಿಯಲ್ಲಿ ನಿಂತೆ. ಗೋಡೆಯ ಆ ಕಡೆ ನನ್ನ ತಂಡ, ಈ ಕಡೆ ನಾನು. ಫೋನಿನಲ್ಲಿ ಅವಳ ವರದಿ.

“ಈಗ ಏನಾಯ್ತೇ?”

“ಒಬ್ಬ ಬಿದ್ದ. ಇನ್ನೊಬ್ಬ ಎತ್ತಲಿಲ್ಲ. ಎಂಥ ಹುಡುಗರಪ್ಪಾ!”

“ಚೆಂಡು ಎಲ್ಲಿದೆ?”

“ಹುಲ್ಲಿನ ಮೇಲೆ.”

“ಕೋಚ್ ಏನ್ ಮಾಡ್ತಿದಾನೆ?”

“ಪಾಪ, ನಿಂತೇ ಇದಾನೆ. ಯಾರೂ ಕೂತ್ಕೋ ಅನ್ನಲಿಲ್ಲ ಅನ್ಸುತ್ತೆ.”

ಒಂದು ಸೊನ್ನೆಯಿಂದ ಸೋತೆವು. ಖುಷಿಯಾಯಿತು. ಖುಷಿಯಾದದ್ದಕ್ಕೆ ನನ್ನ ಮೇಲೇ ಸಿಟ್ಟು ಬಂತು. ನನ್ನ ಜೀವಮಾನದಲ್ಲಿ ಶತ್ತ್ ಕ್ಲಬ್ ಸೋತಾಗ ಕಬ್ಬಿನ ಹಾಲು ಸಿಹಿಯೆನಿಸಿದ್ದು ಇದೇ ಮೊದಲು. ಛೀ.

ಅಕ್ಟೋಬರ್ 3, ಶುಕ್ರವಾರ

ಎರಡು ಸೊನ್ನೆಯಿಂದ ಗೆದ್ದೆವು.

ಆ ಗದ್ದಲ ಗೋಡೆ ಹಾರಿ ಬಂದು ನನ್ನ ಎದೆಗೆ ಬಡಿಯಿತು. ಕೈಯಲ್ಲಿದ್ದ ಲೋಟ ಬಿಟ್ಟು ಪಕ್ಕದಲ್ಲಿದ್ದವನನ್ನು ತಬ್ಬಿಕೊಂಡೆ. ಆಮೇಲೆ ನೆನಪಾಯಿತು, ಇದು ನನಗೆ ಕೆಟ್ಟ ಸುದ್ದಿ.

ಗೆದ್ದ ದಿನ ಸ್ಟೇಡಿಯಮ್ಮಿನಿಂದ ಬಂದವರಿಗೆಲ್ಲ ನನ್ನ ಅಂಗಡಿಯಲ್ಲಿ ಪುಕ್ಕಟೆ ಮಶಬ್ಬಕ್. ಇದು ನನ್ನ ತಂದೆಯ ಕಾಲದಿಂದ ಬಂದ ಪದ್ಧತಿ, ತಪ್ಪಿಸುವ ಹಾಗಿಲ್ಲ. ಹಿಟ್ಟನ್ನು ಸುರುಳಿ ಸುರುಳಿಯಾಗಿ ಎಣ್ಣೆಗೆ ಬಿಡುತ್ತಾ ನಿಂತೆ. ಸಾಲಿನಲ್ಲಿ ನಿಂತವರೆಲ್ಲ “ಕ್ಯಾಪ್ಟನ್ ವಗ್ದಿಗೆ ಜೈ” ಅನ್ನುತ್ತಾ ಕೈಚಾಚಿದರು. ನಮ್ಮಲ್ಲಿ ಕೋಚನ್ನೂ ಮರ್ಯಾದೆಗೆ ಕ್ಯಾಪ್ಟನ್ ಅಂತಲೇ ಕರೆಯುವುದು. ಬಸ್ಯೂನಿ ಎರಡು ಸಲ ಸಾಲಿಗೆ ಬಂದ.

“ಏನ್ ಮೆತ್ವಲ್ಲಿ, ನೀನು ಒಳಗೆ ಬರದೇ ಇದ್ರೆ ತಂಡ ಗೆಲ್ಲುತ್ತೆ ಅಂತ ಈಗ ಗೊತ್ತಾಯ್ತು. ಇನ್ನೊಂದು ಹತ್ತು ವರ್ಷ ಹೊರಗೇ ಇರು ಮಾರಾಯ!”

ಬಿಸಿ ತುಪ್ಪ ಬಾಯಲ್ಲಿ ಹಾಕಿಕೊಂಡ ಹಾಗಾಗಿದೆ. ನುಂಗುವ ಹಾಗಿಲ್ಲ, ಉಗುಳುವ ಹಾಗೂ ಇಲ್ಲ.

ಅಕ್ಟೋಬರ್ 4, ಶನಿವಾರ

ಬಿ.ಪಿ. ಏರಿದೆ. ಡಾಕ್ಟರು “ಬರೀತಾ ಇದೀರಾ?” ಅಂದರು. ಇಲ್ಲ, ಬರೆದಿದ್ದನ್ನು ಓದುತ್ತಾ ಇದ್ದೇನೆ ಅಂದೆ.

ಅಕ್ಟೋಬರ್ 16, ಗುರುವಾರ

ಇವತ್ತು ನಡೆದದ್ದನ್ನು ಸಾವಧಾನವಾಗಿ ಬರೆಯಬೇಕು.

ಮಧ್ಯಾಹ್ನ ಅಂಗಡಿಯಲ್ಲಿ ಗಿರಾಕಿ ಇರಲಿಲ್ಲ. ನನ್ನ ಕೈಯೆರಡೂ ಮೊಣಕೈವರೆಗೆ ಹಿಟ್ಟು. ಉದ್ದನೆಯ ಬೋಳುತಲೆಯ ಮನುಷ್ಯನೊಬ್ಬ ಬಂದು ನಿಂತ. ಬೋಳಾಗಿದ್ದಾನೆ, ಹೊಟ್ಟೆ ಬಂದಿದೆ, ಆದರೂ ನಾನು ಆ ಮುಖವನ್ನು ಮರೆಯುವುದುಂಟೇ?

“ಸಲಾಂ, ಉಸ್ತಾ. ಎರಡು ಕಿಲೋ ಕೊಡಿ. ನನಗಲ್ಲ, ನನಗೆ ಸಕ್ಕರೆ ಕಾಯಿಲೆ. ಹುಡುಗರಿಗೆ.”

ತೂಗಿ, ಪೊಟ್ಟಣ ಕಟ್ಟಿ ಕೊಟ್ಟೆ. ಅವನು ಗೋಡೆಯ ಮೇಲಿನ ಶತ್ತ್ ಕ್ಲಬ್ಬಿನ ಹಳೆಯ ಫೋಟೋಗಳನ್ನೆಲ್ಲ ಒಂದೊಂದಾಗಿ ನೋಡಿದ.

“ಆಣೆ ಹಾಕಿರೋ ಮೆತ್ವಲ್ಲಿ ಅವರು ನೀವೇ ತಾನೇ?”

“ಹೌದು. ಏನೀಗ?”

“ನನ್ನಿಂದ ನಿಮ್ಮ ಮನೆ ಕೆಡಬಾರದು ನೋಡಿ. ಒಂದು ಉಪಾಯ ಯೋಚನೆ ಮಾಡಿದೀನಿ. ಶುಕ್ರವಾರ ಬೆಳಿಗ್ಗೆ ನಾನು ರಾಜೀನಾಮೆ ಕೊಡ್ತೀನಿ. ನೀವು ಪಂದ್ಯ ನೋಡಿ. ಶನಿವಾರ ನಾನು ಮತ್ತೆ ಸೇರ್ಕೋತೀನಿ. ಆಗುತ್ತಾ?”

ನಗು ಬಂತು. ತಡೆದುಕೊಂಡೆ. ತಡೆದುಕೊಂಡದ್ದಕ್ಕೆ ಮೂಗಿನಿಂದ ವಿಚಿತ್ರ ಸದ್ದು ಬಂತು. ಹತ್ತೊಂಬತ್ತು ವರ್ಷದಿಂದ ನಾಲಿಗೆ ತುದಿಯಲ್ಲಿದ್ದದ್ದನ್ನು ಕೇಳಿಯೇಬಿಟ್ಟೆ.

“ಆವತ್ತು ನಮ್ಮ ಗ್ಯಾಲರಿ ಮುಂದೆ ಯಾಕೆ ಬೆರಳು ತೋರಿಸಿದ್ರಿ? ಗೋಲು ಹೊಡೆದ್ರಿ, ಹೊಡೀರಿ. ನಮ್ಮ ಬಾಯಿ ಮುಚ್ಚಿಸೋಕೆ ನೀವ್ಯಾರು?”

ಅವನು ಪೊಟ್ಟಣವನ್ನು ಮೇಜಿನ ಮೇಲೆ ವಾಪಸಿಟ್ಟ.

“ಉಸ್ತಾ, ನಿಮ್ಮ ಕೂಗಿಗೆ ಆವತ್ತೆಲ್ಲ ನನ್ನ ಕಾಲು ನಡುಗ್ತಿತ್ತು. ನಮ್ಮ ಕೋಚ್ ಹೇಳಿದ್ದು ಕಿವಿಗೇ ಬೀಳ್ತಿರಲಿಲ್ಲ. ಅಷ್ಟು ಗಂಟಲು ನಾನು ಬೇರೆ ಎಲ್ಲೂ ಕೇಳಿಲ್ಲ. ಒಂದು ನಿಮಿಷ ಸುಮ್ನಿರ್ರಪ್ಪಾ ಅಂತ ಬೇಡಿಕೊಂಡಿದ್ದು ಅದು. ಹುಡುಗುಬುದ್ಧಿ, ಜಂಬವೂ ಇತ್ತು, ಇಲ್ಲ ಅನ್ನಲ್ಲ. ಈ ಊರಿಂದ ಕರೆ ಬಂದಾಗ ಸಂಬಳ ಎಷ್ಟು ಅಂತ ಕೇಳಲಿಲ್ಲ. ಆ ಗಂಟಲು ಒಂದ್ಸಲ ನನ್ನ ಕಡೆ ಇರಲಿ ಅನ್ನಿಸ್ತು.”

ಅವನು ಪೊಟ್ಟಣ ತಗೊಂಡು ಹೋದ ಮೇಲೆ ತಕ್ಕಡಿಯ ತೂಕದ ಕಲ್ಲು ನೋಡಿದೆ, ಎರಡು ಕಿಲೋ ಬದಲು ಎರಡೂವರೆ ತೂಗಿದ್ದೆ. ಹಿಟ್ಟಿನ ಕೈ, ಸರಿಯಾಗಿ ಕಂಡಿರಲಿಲ್ಲ. ಬೇರೇನೂ ಇಲ್ಲ.

ಅಕ್ಟೋಬರ್ 31, ಶುಕ್ರವಾರ

ಮೂರು ಒಂದು! ಇದರೊಂದಿಗೆ ಸತತ ನಾಲ್ಕನೇ ಗೆಲುವು. ವಗ್ದಿ ಆ ಆರನೇ ನಂಬರಿನ ಹುಡುಗನನ್ನು ಮಧ್ಯಕ್ಕೆ ತಂದಿದ್ದಾನೆ. ಹಾಗೆ ಮಾಡಬೇಕಂತ ಇನ್ಶಿರಾಹ್ ಎರಡು ವಾರದಿಂದ ಹೇಳುತ್ತಿದ್ದಳು. ಇವತ್ತು ಫೋನಿನಲ್ಲಿ ಅವಳದೇ ಸಂಭ್ರಮ.

“ನೋಡಿ, ಆ ಆರನೇ ನಂಬರಿನವನಿಗೆ ಯಾರೂ ಚೆಂಡು ಕೊಡ್ತಾನೇ ಇರಲಿಲ್ಲ. ಕಿರಿಸೊಸೆ ಹಾಗೆ ಮೂಲೇಲಿ ನಿಂತಿರ್ತಿದ್ದ. ಇವತ್ತು ಎಲ್ಲಾ ಅವನ ಕೈಯಿಂದಾನೇ... ಅಯ್ಯೋ, ಕಾಲಿಂದಾನೇ ಹೋಗ್ತಿದೆ. ರೀ! ಗೋಲೂ! ರೀ, ಕೇಳಿಸ್ತಾ?”

ಕೇಳಿಸಿತು. ಅವಳ ಧ್ವನಿ ಫೋನಿನಲ್ಲೂ ಕೇಳಿಸಿತು, ಗೋಡೆಯ ಮೇಲಿಂದಲೂ ಕೇಳಿಸಿತು. ಕೈರೋದಿಂದ ಮಗಳು ರಾವ್ಯ ಫೋನ್ ಮಾಡಿ, “ಅಪ್ಪಾ, ಅಮ್ಮನ ಗಂಟಲಿಗೆ ಏನಾಗಿದೆ?” ಅಂತ ಗಾಬರಿಯಾದಳು. ನಿನ್ನ ಅಮ್ಮ ಫುಟ್‌ಬಾಲ್ ಅಭಿಮಾನಿಯಾಗಿದ್ದಾಳೆ, ಶುಂಠಿ ಕಷಾಯ ಕುಡಿಸಿದ್ದೇನೆ ಅಂದೆ.

ಈಗ ಸಂಜೆ ಊಟಕ್ಕೆ ಕೂತರೆ ಮಾತು ಮುಗಿಯುವುದಿಲ್ಲ. ಬೀನ್ಸ್ ಕಾಳು, ನಿಂಬೆಹಣ್ಣು, ಸಕ್ಕರೆ ಡಬ್ಬಿ ಜೋಡಿಸಿ ಯಾರು ಎಲ್ಲಿ ನಿಂತಿದ್ದರು ಅಂತ ಅವಳು ತೋರಿಸುತ್ತಾಳೆ. ಕ್ಯಾಪ್ಟನ್ ವಗ್ದಿ ಅಂದರೆ ನಿಂಬೆಹಣ್ಣು. ನನಗೆ ಮಾತ್ರ ಎಲ್ಲವನ್ನೂ ಕಣ್ಣಿಂದ ನೋಡಬೇಕೆನಿಸುತ್ತದೆ. ಒಂದೇ ಒಂದು ಸಲ.

ಅವಳನ್ನು ಕೇಳಿದೆ, “ಇನ್ನೂ ಕೋಪ ಇದೆಯಾ?”

“ಕೋಪ ಯಾವತ್ತೋ ಹೋಯ್ತು. ಮಾತು ಆಡಿದ್ರೆ ಹೋಯ್ತು ಅಂತಾರಲ್ಲ, ಅದು ಮಾತ್ರ ಹಾಗೇ ಇದೆ. ಮಾರುಕಟ್ಟೆಗೆ ಹೋದ್ರೆ ಹೆಂಗಸರು, ‘ಇನ್ಶಿರಾಹ್, ಶುಕ್ರವಾರದವರೆಗೆ ಸಂಸಾರಸ್ಥೆ ತಾನೇ ನೀನು?’ ಅಂತ ನಗ್ತಾರೆ. ನಾನೂ ನಗ್ತೀನಿ. ಬೇರೇನ್ ಮಾಡ್ಲಿ?”

ಅವಳು ಸಕ್ಕರೆ ಡಬ್ಬಿಯನ್ನು ಎತ್ತಿಕೊಂಡು ಒಳಗೆ ಹೋದಳು. ನನಗೆ ಇದು ಗೊತ್ತೇ ಇರಲಿಲ್ಲ.

ನವೆಂಬರ್ 7, ಶುಕ್ರವಾರ

ಹೊರ ಊರಿನಲ್ಲಿ ಸೋತೆವು. ಖುಷಿಯಾಗಲಿಲ್ಲ.

ನವೆಂಬರ್ 14, ಶುಕ್ರವಾರ

ಮತ್ತೆ ಸೋಲು, ಅದೂ ನಮ್ಮ ನೆಲದಲ್ಲೇ. ಕ್ಲಬ್ಬಿನ ಅಧ್ಯಕ್ಷರ ಅಕ್ಕನ ಮಗ ಫಾರ್ವರ್ಡ್ ಆಟಗಾರ. ಓಡುವುದಿಲ್ಲ, ಕೂದಲು ಮಾತ್ರ ಬಾಚಿಕೊಳ್ಳುತ್ತಾನೆ. ಕ್ಯಾಪ್ಟನ್ ವಗ್ದಿ ಅವನನ್ನು ಕೂರಿಸಿ ಬೇರೆ ಹುಡುಗನನ್ನು ಆಡಿಸಿದರು. ಆ ಹುಡುಗ ಪೆನಾಲ್ಟಿಯನ್ನು ಗೋಲಿನಾಚೆ ಹೊಡೆದ. ಜನ ಕೋಚ್‌ಗೆ ಬಾಯಿಗೆ ಬಂದ ಹಾಗೆ ಬೈದರಂತೆ. ಇನ್ಶಿರಾಹ್ ಎದ್ದು ನಿಂತು ಹಿಂದಿನ ಸಾಲಿನವರಿಗೆ, “ನಿಮ್ಮ ಮನೇಲಿ ಒಂದಿನ ಅನ್ನ ಸೀದ್ರೆ ಒಲೇನೇ ಎತ್ತಿ ಬೀದಿಗೆ ಹಾಕ್ತೀರಾ?” ಅಂತ ಕೇಳಿದಳಂತೆ. ಬಸ್ಯೂನಿ ಹೇಳಿದ. ಅವನೂ ಬೈಯಲು ಬಾಯಿ ತೆಗೆದಿದ್ದನಂತೆ, ಮುಚ್ಚಿಕೊಂಡನಂತೆ.

ನವೆಂಬರ್ 19, ಬುಧವಾರ

ಬಸ್ಯೂನಿ ಓಡೋಡುತ್ತಾ ಅಂಗಡಿಗೆ ಬಂದ.

“ಸಿಹಿ ಹಂಚು ಮೆತ್ವಲ್ಲಿ! ನಾಳೆ ಕ್ಲಬ್ಬಿನ ಮೀಟಿಂಗು. ವಗ್ದಿ ಮನೆಗೆ! ಅಧ್ಯಕ್ಷರು ತೀರ್ಮಾನ ಮಾಡಿಬಿಟ್ಟಿದಾರೆ. ಇಪ್ಪತ್ತೆಂಟನೇ ತಾರೀಕು ನೀನು ನನ್ನ ಪಕ್ಕ ಕೂತಿರ್ತೀಯ. ತಪ್ಪಾಯ್ತು ಗಿಪ್ಪಾಯ್ತು ಏನೂ ಬೇಡ. ಗೆದ್ದೆ ನೀನು!”

ನಾನು ಎರಡು ತಿಂಗಳಿಂದ ಕಾದದ್ದು ಇದಕ್ಕೇ. ಬಾಣಲೆಯಲ್ಲಿದ್ದ ಮಶಬ್ಬಕ್ ಅಷ್ಟೂ ಕಪ್ಪಾಗಿ ಹೋಯಿತು. ಅಪ್ಪ ಇದ್ದಿದ್ದರೆ ಕಿವಿ ಹಿಂಡುತ್ತಿದ್ದ.

ಇನ್ಶಿರಾಹ್‌ಗೆ ಹೇಳಿದೆ. ಅವಳು “ಹಾಗಾದ್ರೆ ನಿಮ್ಮ ಪಾಸು ತಗೊಳ್ಳಿ” ಅಂತ ಮೇಜಿನ ಮೇಲಿಟ್ಟಳು. ಪಾಸಿಗೆ ಅವಳು ಹಸಿರು ದಾರ ಕಟ್ಟಿದ್ದಳು, ಕೊರಳಿಗೆ ಹಾಕಿಕೊಳ್ಳುವುದಕ್ಕೆ. ನಾನು ಅದನ್ನು ಮುಟ್ಟಲಿಲ್ಲ.

ನವೆಂಬರ್ 20, ಗುರುವಾರ

ಗುರುವಾರ ನನ್ನ ಅಂಗಡಿಗೆ ವ್ಯಾಪಾರದ ದಿನ. ಬಾಗಿಲು ಹಾಕಿ ಕ್ಲಬ್ಬಿಗೆ ಹೋದೆ. ಗೇಟಿನ ಮುಂದೆ ಐವತ್ತು ಅರವತ್ತು ಜನ ಸುಮ್ಮನೆ ನಿಂತಿದ್ದರು, ಸಾವಿನ ಮನೆಗೆ ಬಂದವರ ಹಾಗೆ. ಅಧ್ಯಕ್ಷರ ಕಾರು ಬಂತು. ನಾನು ಅದರ ಮುಂದೆ ಹೋಗಿ ನಿಂತೆ. ನಿಂತದ್ದು ಕಾಲು, ಕೂಗಿದ್ದು ಗಂಟಲು. ತಲೆಯನ್ನು ನಾನು ಕೇಳಲೇ ಇಲ್ಲ.

“ಕ್ಯಾಪ್ಟನ್ ವಗ್ದಿ ನಮ್ಮವರು! ಅವರನ್ನ ಕಳಿಸ್ಬೇಡಿ!”

ಅಧ್ಯಕ್ಷರು ಗಾಜು ಇಳಿಸಿದರು. “ನೀವಾ ಮೆತ್ವಲ್ಲಿ? ಆತ ಹೋದ್ರೆ ತಾನೇ ನಿಮಗೆ ಒಳಗೆ ದಾರಿ?”

“ನನ್ನ ದಾರಿ ನಾನು ನೋಡ್ಕೋತೀನಿ. ಹತ್ತೊಂಬತ್ತು ವರ್ಷದಲ್ಲಿ ಎಷ್ಟು ಕೋಚ್ ಬದಲಾಯಿಸಿದ್ರಿ, ಎಲ್ಲಿಗೆ ಬಂದ್ವಿ? ಈ ಮನುಷ್ಯನಿಗೆ ಒಂದು ವರ್ಷ ಕೊಡಿ. ನಿಮ್ಮಕ್ಕನ ಮಗನಿಗೆ ಒಂದು ಬಾಚಣಿಗೆ ಕೊಡಿ.”

ಜನ ಹೋ ಎಂದು ನಕ್ಕರು. ಆಮೇಲೆ ಎಲ್ಲರೂ ಕೂಗಿದರು. ಆ ಗಂಟಲು, ಹತ್ತೊಂಬತ್ತು ವರ್ಷದ ಹಿಂದಿನ ಅದೇ ಗಂಟಲು. ಕಾರು ಒಳಗೆ ಹೋಗಲು ಬಹಳ ಹೊತ್ತು ಹಿಡಿಯಿತು. ಸಂಜೆಗೆ ಸುದ್ದಿ ಬಂತು: ಕ್ಯಾಪ್ಟನ್ ಈ ಋತು ಮುಗಿಯುವವರೆಗೆ ಇರುತ್ತಾರೆ.

ಎಲ್ಲರೂ ಕುಣಿಯುತ್ತಾ ಚಹಾದಂಗಡಿಗೆ ಹೋದೆವು. ಬಸ್ಯೂನಿ ನನ್ನ ಭುಜದ ಮೇಲೆ ಕೈಹಾಕಿ, “ಅಲ್ಲಾ ಮಾರಾಯ, ತೆರೆದ ಬಾಗಿಲನ್ನ ನೀನೇ ಹಾಕ್ಕೊಂಡ್ಯಲ್ಲೋ!” ಅಂದ. ಆಗ ನೆನಪಾಯಿತು, ಬಾಗಿಲು ಇನ್ನೊಂದಿದೆ. ಮಾರುಕಟ್ಟೆಯ ಹೆಂಗಸರ ನಗು ನೆನಪಾಯಿತು. ಅದೇ ಮೇಜಿನ ಹತ್ತಿರ ಹೋಗಿ ನಿಂತೆ. ಇನ್ಶಿರಾಹ್‌ಗೆ ಫೋನ್ ಮಾಡಿ, “ಈಗಲೇ ಚಹಾದಂಗಡಿಗೆ ಬಾ” ಅಂದೆ. ಅವಳು ಬಂದಳು. ಹೆಂಗಸರು ಕಾಲಿಡದ ಜಾಗ ಅದು. ಬಾಗಿಲಲ್ಲೇ ನಿಂತಳು. ಹುಕ್ಕಾಗಳ ಗುಡುಗುಡು ನಿಂತಿತು.

“ಇಲ್ಲಿ, ನಿಮ್ಮೆಲ್ಲರ ಮುಂದೆ ಒಂದು ಮಾತು ಹೇಳಿದ್ದೆ,” ಅಂದೆ. “ನನ್ನ ಸಿಟ್ಟಿಗೆ ಅವಳ ಹೆಸರನ್ನ ಪಣಕ್ಕಿಟ್ಟೆ. ಅದು ಬಾಯಿಮಾತಲ್ಲ, ಅದು ನನ್ನ ಮನೆ. ತಪ್ಪಾಯ್ತು ಇನ್ಶಿರಾಹ್. ಇನ್ನು ಈ ಬಾಯಲ್ಲಿ ಆ ಆಣೆ ಬರಲ್ಲ.”

ಯಾರೂ ನಗಲಿಲ್ಲ. ಬಸ್ಯೂನಿ ನೆಲ ನೋಡುತ್ತಿದ್ದ. ಇನ್ಶಿರಾಹ್ ನೇರ ಒಳಗೆ ಬಂದು, ಕುರ್ಚಿ ಎಳೆದು ಕೂತು, “ಒಂದು ಚಹಾ ತಗೊಂಬನ್ನಿ, ಸಕ್ಕರೆ ಜಾಸ್ತಿ ಹಾಕಿ” ಅಂದಳು. ಅಂಗಡಿಯವನು ಒಂದು ಗಳಿಗೆ ಕಣ್ಣುಕಣ್ಣು ಬಿಟ್ಟು, ಓಡಿದ.

ನವೆಂಬರ್ 22, ಶನಿವಾರ

ಹತ್ತು ಜನರಿಗೆ ಊಟ ಹಾಕಿದೆವು. ಶೇಖ್ ಅಫೀಫಿಯವರೇ ಬಡವರ ಮನೆಮನೆಗೆ ಹೇಳಿ ಕಳಿಸಿದರು. ಅನ್ನ, ಮೀನು, ಬದನೆಕಾಯಿ, ಕೊನೆಗೆ ನನ್ನ ಮಶಬ್ಬಕ್. ಮೀನನ್ನು ಬಸ್ಯೂನಿ ದುಡ್ಡಿಲ್ಲದೆ ಕೊಟ್ಟ. ಯಾಕಯ್ಯಾ ಅಂದರೆ, “ನನ್ನದೂ ಲೆಕ್ಕ ಬಹಳ ಬಾಕಿ ಇದೆ ಕಣೋ, ಊರಿಗೆ ಊರನ್ನೇ ಊಟಕ್ಕೆ ಕೂರಿಸಬೇಕಾಗುತ್ತೆ” ಅಂದ.

ನವೆಂಬರ್ 28, ಶುಕ್ರವಾರ

ಹೋದೆ. ಹುಲ್ಲು ಇಷ್ಟು ಹಸಿರಾಗಿದ್ದದ್ದು ನೆನಪೇ ಇರಲಿಲ್ಲ. ಕಣ್ಣಲ್ಲಿ ನೀರು ಬಂತು. ಧೂಳು ಅಂದೆ.

ನನ್ನ ಜಾಗದಲ್ಲಿ ಇನ್ಶಿರಾಹ್ ಕೂತಳು. “ಅದು ನನ್ನ ಜಾಗ ಕಣೆ,” ಅಂದೆ.

“ನಿಮ್ಮದಾಗಿತ್ತು. ನಿಮಗೆ ಬೇರೆ ಟಿಕೆಟ್ ತಗೊಂಡಿದೀನಿ, ಕೆಳಗಿನ ಮೆಟ್ಟಿಲು.”

ಅವಳ ಕಾಲ ಹತ್ತಿರ ಕೂತೆ. ಅವಳು ಕಲ್ಲಂಗಡಿ ಬೀಜ ಸುಲಿದು ತಿನ್ನುತ್ತಾ ಸಿಪ್ಪೆಯನ್ನೆಲ್ಲ ನನ್ನ ತಲೆಯ ಮೇಲೆ ಉದುರಿಸುತ್ತಿದ್ದಳು. ನಮ್ಮ ಕ್ಯಾಪ್ಟನ್ ಗೆರೆಯ ಪಕ್ಕ ನಿಂತೇ ಇದ್ದರು. ನನ್ನನ್ನು ನೋಡಿ ಎದೆಯ ಮೇಲೆ ಕೈಯಿಟ್ಟರು.

ಆಟ ಒಂದು ಒಂದು. ಆರನೇ ನಂಬರಿನ ಹುಡುಗನನ್ನು ಪೆನಾಲ್ಟಿ ಜಾಗದಲ್ಲೇ ಕೆಡವಿದರು, ಊರೇ ನೋಡಿತು. ರೆಫರಿ ಇಲ್ಲ ಎಂದು ಕೈಯಾಡಿಸಿದ. ನಾನು ಹಾರಿ ನಿಂತೆ. ಸಿಪ್ಪೆಯೆಲ್ಲ ಹಾರಿತು.

“ಅದು ಪೆನಾಲ್ಟಿ ಅಲ್ಲದಿದ್ರೆ ನನ್ನ ಹೆಂಡ್ತಿಗೆ ತ...”

ಇಡೀ ಗ್ಯಾಲರಿ ಗಪ್‌ಚಿಪ್. ಬಸ್ಯೂನಿ ಎರಡೂ ಕೈಯಿಂದ ಮುಖ ಮುಚ್ಚಿಕೊಂಡ. ನಾನು ಮೆಲ್ಲಗೆ ಹಿಂದೆ ತಿರುಗಿದೆ. ಇನ್ಶಿರಾಹ್ ತುಟಿಯ ಮೇಲೆ ಬೆರಳಿಟ್ಟುಕೊಂಡು ನನ್ನನ್ನೇ ನೋಡುತ್ತಿದ್ದಳು.

“ಶ್.”

ಬಾಯಿ ಮುಚ್ಚಿಕೊಂಡು ಕೂತೆ. ಮೊದಲು ಬಸ್ಯೂನಿ ನಕ್ಕ, ಆಮೇಲೆ ಇಡೀ ಗ್ಯಾಲರಿ, ಕೊನೆಗೆ ನಾನು. ಪಂದ್ಯ ಒಂದು ಒಂದಕ್ಕೇ ಮುಗಿಯಿತು. ಗೆಲ್ಲದಿದ್ದರೂ ಅಂಗಡಿಯ ಒಲೆ ಹಚ್ಚೋಣ ಅಂತ ಅವಳೇ ಹೇಳಿದಳು. ದಾರಿಯುದ್ದಕ್ಕೂ ನನ್ನ ತಲೆಯಿಂದ ಬೀಜದ ಸಿಪ್ಪೆ ಹೆಕ್ಕುತ್ತಾ ಬಂದಳು. ಊರವರೆಲ್ಲ ನೋಡುತ್ತಿದ್ದರು. ನೋಡಲಿ ಅಂದುಕೊಂಡೆ.